ಗೆಳೆಯನಿಗೊಂದು ಪತ್ರ: ಎಪಿ ಕೆಮಿಸ್ಟ್ರಿಗೆ ಯಾವ ಪುಸ್ತಕ?

ಪ್ರಿಯ ಗೆಳೆಯ,

ನಿನ್ನ ಮಗಳು ಬರುವ ಮೇ ತಿಂಗಳಲ್ಲಿ ಎಪಿ ಕೆಮಿಸ್ಟ್ರಿ, ಅಂದರೆ ಇಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳು ಬರೆಯುವ ಕಾಲೇಜು ಮಟ್ಟದ ರಸಾಯನಶಾಸ್ತ್ರದ ಪರೀಕ್ಷೆಗೆ ಕೂರುತ್ತಾಳೆಂದೂ, ಅಂಗಡಿಯಲ್ಲಿ ಸಾಲಾಗಿಟ್ಟ ರಿವ್ಯೂ ಪುಸ್ತಕಗಳ (ಪರೀಕ್ಷೆಗೆ ಮುನ್ನ ಪಾಠವನ್ನು ಮತ್ತೆ ನೋಡಿಕೊಳ್ಳುವ ಗೈಡುಗಳ) ಮುಂದೆ ನಿಂತು ಯಾವುದನ್ನು ಕೊಳ್ಳುವುದೆಂದು ತಿಳಿಯದೆ ಬರಿಗೈಯಲ್ಲಿ ಮರಳಿದೆಯೆಂದೂ ಬರೆದಿದ್ದೀಯೆ. ಒಳ್ಳೆಯದೇ ಆಯಿತು. ನಾನು ಬರಿಗೈಯಲ್ಲಿ ಬರಲಿಲ್ಲ. ಅದರ ದಂಡವನ್ನು ನನ್ನ ಮಗ ತೆತ್ತ.

ಇಲ್ಲಿಯ ಗ್ರಂಥಾಲಯದವರು ಹಳೆಯ ಪುಸ್ತಕಗಳನ್ನು ಮಾರುತ್ತಿದ್ದಾಗ ಒಂದು ಡಾಲರಿಗೆ ಸಿಕ್ಕಿತೆಂಬ ಹಿಗ್ಗಿನಲ್ಲಿ, 2009ರಲ್ಲಿ ಅಚ್ಚಾದ ದಪ್ಪ ಪುಸ್ತಕವೊಂದನ್ನು ಅವನಿಗೆ ತಂದುಕೊಟ್ಟೆ. ರಸಾಯನಶಾಸ್ತ್ರವೇನು ವರ್ಷ ವರ್ಷ ಬದಲಾಗುತ್ತದೆಯೇ ಎಂಬುದು ನನ್ನ ವಾದವಾಗಿತ್ತು. ಆದರೆ ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನವರು 2014ರ ಪರೀಕ್ಷೆಯಿಂದ ಪಠ್ಯಕ್ರಮವನ್ನೇ ಬದಲಿಸಿದ್ದರು. ಪರಮಾಣು ಬೀಜದ ವಿಘಟನೆ, ಕೊಲಿಗೇಟಿವ್ ಗುಣಗಳ (ದ್ರಾವಣದಲ್ಲಿ ಕರಗಿದ ಕಣಗಳ ಸಂಖ್ಯೆಯನ್ನು ನೆಚ್ಚಿದ ಗುಣಗಳ) ಲೆಕ್ಕ ಮೊದಲಾದವನ್ನು ಕೈಬಿಟ್ಟಿದ್ದರು. ಹುಡುಗ ಎರಡು ವಾರ ಅವುಗಳ ಮೇಲೆಯೇ ಕೂತಿದ್ದ. ಉತ್ತರ ಗೊತ್ತಿಲ್ಲದಿದ್ದರೆ ಊಹಿಸಬೇಡ, ತಪ್ಪಿಗೆ ಅಂಕ ಕಳೆಯುತ್ತಾರೆ ಎಂದೂ ಆ ಪುಸ್ತಕ ಹೇಳುತ್ತಿತ್ತು. ಆ ಕಡಿತ 2011ರಲ್ಲಿಯೇ ನಿಂತುಹೋಗಿದೆ, ಈಗ ಖಾಲಿ ಬಿಡುವುದೇ ನಷ್ಟ. ಬಹು ಆಯ್ಕೆಯ ಪ್ರಶ್ನೆಗಳಿಗೆ ಕ್ಯಾಲ್ಕುಲೇಟರ್ ಬಳಸಲು 2023ರಿಂದ ಅನುಮತಿಯಿದೆ. 2025ರಿಂದ ಆ ಭಾಗವನ್ನು ಕಂಪ್ಯೂಟರಿನಲ್ಲಿ ಉತ್ತರಿಸಬೇಕು, ವಿವರಿಸಿ ಬರೆಯುವ ಉತ್ತರಗಳು ಮಾತ್ರ ಕಾಗದದ ಮೇಲೆ. ಆದ್ದರಿಂದ ಪುಸ್ತಕದ ಹೆಸರಿಗಿಂತ ಮೊದಲು ಮುದ್ರಣದ ವರ್ಷವನ್ನು ನೋಡು. ಪ್ರಶ್ನೆಗಳ ಕೆಳಗೆ ನಾಲ್ಕರ ಬದಲು ಐದು ಆಯ್ಕೆಗಳಿದ್ದರೆ ಮುಚ್ಚಿ ಅಲ್ಲಿಯೇ ಇಟ್ಟುಬಿಡು. ಹೊಸದು ಒಂದೇ ಸಾಕು. ಮೂರು ಕೊಂಡರೆ ಮೂರರಲ್ಲೂ ಮೊದಲ ಅಧ್ಯಾಯವಷ್ಟೇ ಮುಗಿಯುತ್ತದೆ.

ಓದುವ ಬಗೆಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಪಿಯುಸಿಯಲ್ಲಿ ನಾವು ಗೈಡುಗಳನ್ನು ಉರು ಹೊಡೆದವರಲ್ಲವೇ, ಅದೇ ಬುದ್ಧಿಯಲ್ಲಿ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡು ಎಂದು ಮಗನಿಗೂ ಹೇಳಿದೆ. ಆದರೆ ಸೂತ್ರಗಳ ಹಾಳೆಯನ್ನೂ ಆವರ್ತ ಕೋಷ್ಟಕವನ್ನೂ ಪರೀಕ್ಷೆಯಲ್ಲಿ ಅವರೇ ಕೊಡುತ್ತಾರೆ. ಅವನಾದರೋ ಹಳದಿ ಪೆನ್ನಿನಿಂದ ಗೆರೆ ಎಳೆಯುತ್ತ ಕಾದಂಬರಿ ಓದಿದಂತೆ ಓದಿಕೊಂಡು ಹೋಗುತ್ತಿದ್ದ. ಸಾರಾಂಶ ನುಣ್ಣಗಿರುವುದರಿಂದ ಎಲ್ಲವೂ ಅರ್ಥವಾದಂತೆಯೇ ಕಾಣುತ್ತದೆ. ಒಂದು ರಾತ್ರಿ ಊಟದ ಮೇಜಿನ ಮೇಲೆ ಗಡಿಯಾರವಿಟ್ಟು, ಪುಸ್ತಕದಲ್ಲಿದ್ದ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆಸಿದೆ: ಕೋಣೆಯ ತಾಪದಲ್ಲಿ ಕ್ಲೋರಿನ್ ಅನಿಲವಾಗಿಯೂ ಅಯೋಡಿನ್ ಘನವಾಗಿಯೂ ಇರುವುದೇಕೆ? 'ಅಯೋಡಿನ್ ಅಣು ದೊಡ್ಡದು, ಭಾರವೂ ಹೆಚ್ಚು' ಎಂದು ಒಂದೇ ಸಾಲಿನಲ್ಲಿ ಬರೆದು ಪೆನ್ಸಿಲ್ ಕೆಳಗಿಟ್ಟ. ಅದಕ್ಕೆ ಅಂಕ ಸಿಗುವುದಿಲ್ಲ. ಕ್ಲೋರಿನ್ ಅಣುವಿನಲ್ಲಿ 34 ಎಲೆಕ್ಟ್ರಾನುಗಳಿದ್ದರೆ ಅಯೋಡಿನ್ ಅಣುವಿನಲ್ಲಿ 106 ಇವೆ, ಆ ದೊಡ್ಡ ಎಲೆಕ್ಟ್ರಾನ್ ಮೋಡ ಸುಲಭವಾಗಿ ಆಕಾರ ಕೆಡುವುದರಿಂದ ಲಂಡನ್ ಬಲಗಳು, ಅಂದರೆ ಎಲೆಕ್ಟ್ರಾನುಗಳ ಕ್ಷಣಿಕ ಅಲುಗಾಟದಿಂದ ಅಣುಗಳ ನಡುವೆ ಹುಟ್ಟುವ ಸೆಳೆತ, ಪ್ರಬಲವಾಗಿ ಅಣುಗಳನ್ನು ಘನವಾಗಿ ಹಿಡಿದಿಡುತ್ತವೆ ಎಂಬ ಸರಪಳಿಯನ್ನು ಅವನು ಕೊಂಡಿ ಬಿಡದೆ ಬರೆಯಬೇಕಿತ್ತು. ವಿಚಿತ್ರವೆಂದರೆ, ಪುಸ್ತಕದಲ್ಲಿ ಇದನ್ನೇ ಹೇಳುವ ವಾಕ್ಯದ ಮೇಲೆ ಅವನ ಹಳದಿ ಗೆರೆ ಆಗಲೇ ಬಿದ್ದಿತ್ತು.

ಆಮೇಲೆ ಕ್ರಮ ತಿರುಗಿಸಿದೆವು. ಅಧ್ಯಾಯವನ್ನು ಓದುವ ಮೊದಲೇ ಅದರ ಕೊನೆಯ ಪ್ರಶ್ನೆಗಳನ್ನು ಬಿಡಿಸಿ, ತಪ್ಪಿದ ವಿಷಯವನ್ನಷ್ಟೇ ಶಾಲೆಯ ಪಠ್ಯಪುಸ್ತಕದಲ್ಲಿ ನಿಧಾನವಾಗಿ ಓದಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆಗಳಿಗೆ ಮರಳುವುದು. ತಿಳಿಯದೇ ಇರುವುದು ಎಲ್ಲಿದೆಯೆಂದು ತೋರಿಸುವುದಕ್ಕೆ ರಿವ್ಯೂ ಪುಸ್ತಕ ಚೆನ್ನಾಗಿ ಒದಗುತ್ತದೆ, ಹೊಸದಾಗಿ ಕಲಿಸುವುದು ಅದರ ಕೈಲಾಗದ ಕೆಲಸ. ಪಠ್ಯಕ್ರಮದ ಒಂಬತ್ತು ಘಟಕಗಳಿಗೂ ಸಮನಾಗಿ ದಿನ ಹಂಚಬೇಡ. ದ್ರವ್ಯಗಳ ಗುಣ ಮತ್ತು ಅಣುಗಳ ನಡುವಿನ ಬಲಗಳನ್ನು ಕುರಿತ ಮೂರನೆಯ ಘಟಕಕ್ಕೆ ಶೇ. 18ರಿಂದ 22ರಷ್ಟು, ಆಮ್ಲ-ಪ್ರತ್ಯಾಮ್ಲಗಳ ಎಂಟನೆಯದಕ್ಕೆ ಶೇ. 11ರಿಂದ 15ರಷ್ಟು ತೂಕವಿದೆ. ಉಳಿದವು ತಲಾ ಶೇ. 7ರಿಂದ 9 ಮಾತ್ರ.

ಬರೆದು ಉತ್ತರಿಸುವ ಭಾಗಕ್ಕೆ ಮಾತ್ರ ಪುಸ್ತಕವನ್ನೇ ನಂಬಿ ಕೂರಬೇಡ. ಹಿಂದಿನ ವರ್ಷಗಳ ಆ ಪ್ರಶ್ನೆಗಳನ್ನೂ, ಯಾವ ಮಾತಿಗೆ ಯಾವ ಅಂಕ ಎಂದು ಬಿಡಿಬಿಡಿಯಾಗಿ ಹೇಳುವ ಮೌಲ್ಯಮಾಪನ ಸೂಚಿಗಳನ್ನೂ ಕಾಲೇಜ್ ಬೋರ್ಡಿನವರೇ ಬಿಟ್ಟಿಯಾಗಿ ಕೊಡುತ್ತಾರೆ. ಪುಸ್ತಕದ ಹಿಂದಿರುವ ಉತ್ತರ ಸರಿಯೋ ತಪ್ಪೋ ಎಂದಷ್ಟೇ ತಿಳಿಸುತ್ತದೆ. ಸೂಚಿಯನ್ನು ಎದುರಿಗಿಟ್ಟುಕೊಂಡು ತನ್ನ ಉತ್ತರವನ್ನು ತಾನೇ ತಿದ್ದಿದಾಗ ಮಾತ್ರ ಕಾರಣ ಬರೆಯದೆ ಬಿಟ್ಟ ಜಾಗ ಕಣ್ಣಿಗೆ ಬೀಳುತ್ತದೆ. ಏಳು ಪ್ರಶ್ನೆಗಳಿಗೆ 105 ನಿಮಿಷ, ಒಟ್ಟು 46 ಅಂಕ, ಅಂದರೆ ಅಂಕವೊಂದಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ. ಬಹು ಆಯ್ಕೆಯ 60 ಪ್ರಶ್ನೆಗಳಿಗಿರುವುದು 90 ನಿಮಿಷ. ಪುಸ್ತಕದ ಕೊನೆಯಲ್ಲಿರುವ ಪೂರ್ಣ ಮಾದರಿ ಪರೀಕ್ಷೆಗಳನ್ನು ಏಪ್ರಿಲಿಗೆಂದು ಮುಟ್ಟದೆ ಉಳಿಸಿಕೊಳ್ಳಲಿ, ಅವನ್ನು ಹೊತ್ತು ಹಿಡಿದೇ ಬರೆಯಲಿ.

ನನ್ನ ಮಗನ ಹೊಸ ಪುಸ್ತಕವನ್ನು ಅಂಚೆಯಲ್ಲಿ ಕಳಿಸುತ್ತೀಯಾ ಎಂದು ನೀನು ಕೇಳಿದ್ದೆ. ಕಳಿಸುವುದಿಲ್ಲ, ಬೇಸರಿಸಬೇಡ. ಪುಟಪುಟದಲ್ಲಿಯೂ ಅವನ ಪೆನ್ಸಿಲ್ಲಿನ ಉತ್ತರಗಳಿವೆ, ನಿನ್ನ ಮಗಳ ಕಣ್ಣು ಪ್ರಶ್ನೆಗಿಂತ ಮೊದಲು ಅಲ್ಲಿಗೇ ಹೋಗುತ್ತದೆ.

ನಿನ್ನ ಗೆಳೆಯ