ಜೇನ್ ಗುಡಾಲ್‌ಗೆ ಇದೆಂಥ ನುಡಿನಮನ?

ಮಾನ್ಯರೆ,

ಭಾನುವಾರ ನಡೆದ, ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ ಜೇನ್ ಗುಡಾಲ್ ಅವರ ನುಡಿನಮನ ‘ಅರ್ಥಪೂರ್ಣವಾಗಿ ಜರುಗಿತು’ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ವರದಿಗಾರರು ದೀಪ ಹಚ್ಚುವ ಫೋಟೊ ತೆಗೆದುಕೊಂಡು ಹೊರಟಿರಬೇಕು. ಕೊನೆಯವರೆಗೂ ಕೂತಿದ್ದ ನಾನು ಕಂಡದ್ದು ಆ ಹಿರಿಯ ಜೀವಕ್ಕೆ ಮಾಡಿದ ಅವಮಾನ.

ಹತ್ತೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಅಧಿಕಾರಿ ಬಂದದ್ದು ಹನ್ನೆರಡು ದಾಟಿದ ಮೇಲೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಕೊಯ್ಲು ಬಿಟ್ಟು, ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಿದ್ದೆ. ಸಭಾಂಗಣದಲ್ಲಿ ಕುಡಿಯಲು ನೀರಿಲ್ಲ, ಫ್ಯಾನ್ ತಿರುಗಲಿಲ್ಲ. ವಾಪಸು ಹೋಗುವ ಮಧ್ಯಾಹ್ನದ ಬಸ್ಸೂ ತಪ್ಪಿತು.

ಇಷ್ಟಾಗಿ ಅತಿಥಿ ಹೇಳಿದ್ದೇನು? ‘ಗೊರಿಲ್ಲಾಗಳಿಗಾಗಿ ದುಡಿದು ಹಂತಕರಿಗೆ ಬಲಿಯಾದ ತಾಯಿ’ ಎಂದು! ರುವಾಂಡಾದಲ್ಲಿ ಗೊರಿಲ್ಲಾಗಳ ಅಧ್ಯಯನ ಮಾಡಿ 1985ರಲ್ಲಿ ಕೊಲೆಯಾದವರು ಡಯಾನ್ ಫಾಸಿ. ಜೇನ್ ಗುಡಾಲ್ ಬದುಕು ಸವೆಸಿದ್ದು ಟಾಂಜಾನಿಯಾದ ಗೊಂಬೆ ಕಾಡಿನ ಚಿಂಪಾಂಜಿಗಳ ಜತೆ. ಅವರು ತೀರಿಕೊಂಡದ್ದು 2025ರ ಅಕ್ಟೋಬರ್ 1ರಂದು, 91 ತುಂಬಿದ ಮೇಲೆ, ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ. ಭಾಷಣಕ್ಕೆ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? ಎದುರಿಗೆ ಕೂತಿದ್ದ ಹೈಸ್ಕೂಲು ಮಕ್ಕಳಿಗೇ ಗೊತ್ತಿತ್ತು.

ಆ ಮಕ್ಕಳು ಚಿತ್ರಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಪದವಿಯೂ ಇಲ್ಲದ 26ರ ಹುಡುಗಿ 1960ರಲ್ಲಿ ಗೊಂಬೆಗೆ ಹೋದದ್ದು, ಡೇವಿಡ್ ಗ್ರೇಬಿಯರ್ಡ್ ಎಂದು ಅವರೇ ಹೆಸರಿಟ್ಟ ಚಿಂಪಾಂಜಿ ಹುತ್ತಕ್ಕೆ ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿದು ತಿಂದದ್ದು, ಉಪಕರಣ ಮಾಡಬಲ್ಲವನು ಮನುಷ್ಯನೊಬ್ಬನೇ ಎಂಬ ನಂಬಿಕೆ ಅದರಿಂದ ಮುರಿದುಬಿದ್ದದ್ದು, ಎಲ್ಲವೂ ಅದರಲ್ಲಿತ್ತು. ‘ಸಮಯದ ಅಭಾವ’ ಎಂದು ಅದನ್ನೇ ಕೈಬಿಟ್ಟರು. ಹಾರ, ಶಾಲು, ಹಣ್ಣಿನ ಬುಟ್ಟಿಗೆ ಮಾತ್ರ ಸಮಯವಿತ್ತು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಕೊನೆಯಲ್ಲಿ ನಾನೊಂದು ಪ್ರಶ್ನೆ ಕೇಳಲು ಎದ್ದೆ. ಗೊಂಬೆಯ ಸುತ್ತಲಿನ ಗುಡ್ಡಗಳು ಬೋಳಾದಾಗ ಗುಡಾಲ್ ಹಳ್ಳಿಯವರನ್ನು ಬೈಯಲಿಲ್ಲ. ಅವರ ಬದುಕು ಸುಧಾರಿಸದೆ ಚಿಂಪಾಂಜಿಗಳೂ ಉಳಿಯುವುದಿಲ್ಲವೆಂದು 1994ರಲ್ಲಿ ಆ ಹಳ್ಳಿಗಳಲ್ಲೇ ಕೆಲಸ ಶುರುಮಾಡಿದರು. ನಮ್ಮಲ್ಲಿ? ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ನಮ್ಮ ತೋಟದಂಚಿಗೆ ತಂದು ಬಿಡುತ್ತಾರೆ. ಆ ಮಂಗಗಳಿಗೂ ಅನ್ನವಿಲ್ಲ, ನಮಗೂ ಬೆಳೆಯಿಲ್ಲ. 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ, ಮಂಗಗಳನ್ನು ಕೊಲ್ಲುವ, ಉಣುಗು ಕಚ್ಚಿ ಮನುಷ್ಯರಿಗೂ ತಗಲುವ ಮಂಗನ ಕಾಯಿಲೆಯ ಭಯ ಇಂದಿಗೂ ಹೋಗಿಲ್ಲ. ಮಂಗ ಸತ್ತು ಬಿದ್ದಿದೆಯೆಂದು ಫೋನ್ ಮಾಡಿದರೆ ಒಂದು ಕಚೇರಿಯವರು ಇನ್ನೊಂದು ಕಚೇರಿಯ ನಂಬರು ಕೊಡುತ್ತಾರೆ. ಇದಕ್ಕೆ ಉತ್ತರ ಕೇಳುವಷ್ಟರಲ್ಲಿ ಮೈಕು ಕಸಿದುಕೊಂಡು ವಂದನಾರ್ಪಣೆ ಮುಗಿಸಿಬಿಟ್ಟರು.

ಆ ಅಧಿಕಾರಿ ಮಕ್ಕಳ ಕ್ಷಮೆ ಕೇಳಬೇಕು. ಕಾರ್ಯಕ್ರಮ ಇನ್ನೊಮ್ಮೆ ನಡೆಯಬೇಕು, ಮಕ್ಕಳ ಚಿತ್ರಗಳೇ ಮೊದಲು ಬರಬೇಕು. ಮಂಗ ತಂದು ಬಿಡುವುದೂ ನಿಲ್ಲಬೇಕು. ಇದ್ಯಾವುದೂ ಆಗುವುದಿಲ್ಲವೆಂದರೆ, ಓದಿಕೊಂಡು ಬರದವರನ್ನು ವೇದಿಕೆಗೆ ಕರೆಯುವುದನ್ನಾದರೂ ಬಿಡಿ.

– ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ