ನಾಣ್ಯದ ಬರಹವನ್ನು ಕನ್ನಡದಲ್ಲಿ ಓದಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಲಬುರಗಿಯಲ್ಲಿ ಏರ್ಪಟ್ಟಿದ್ದ ಹಳೆಯ ನಾಣ್ಯಗಳ ಪ್ರದರ್ಶನವೊಂದಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ, ಈಗಿನ ಹತ್ತು ರೂಪಾಯಿ ಬಿಲ್ಲೆಯಷ್ಟೇ ಅಗಲವಿದ್ದರೂ ತೀರ ತೆಳ್ಳಗಿನ ಬೆಳ್ಳಿ ನಾಣ್ಯವೊಂದಿತ್ತು. ಕೆಳಗಿನ ಚೀಟಿಯಲ್ಲಿ ‘ಅರಬ್ಬಿ ನಾಣ್ಯ, ಬೆಳ್ಳಿ’ ಎಂದಷ್ಟೇ ಬರೆದಿತ್ತು. ಪಕ್ಕದಲ್ಲಿದ್ದವರೊಬ್ಬರು ‘ಹಾಲಿ ಸಿಕ್ಕಾ ಇರಬೇಕು, ನಿಜಾಮರ ಕಾಲದ್ದು’ ಎಂದರು. ಚೀಟಿಯೇ ಅಂಥದ್ದಾದ ಮೇಲೆ ಅವರನ್ನು ದೂರುವಂತಿಲ್ಲ. ಆದರೆ ಆ ನಾಣ್ಯ ನಿಜಾಮರ ಆಳ್ವಿಕೆಗಿಂತ ಸಾವಿರ ವರ್ಷ ಹಿಂದಿನದು.

ಇದು ನನ್ನ ಊಹೆಯಲ್ಲ, ನಾಣ್ಯವೇ ಹೇಳುವ ಮಾತು. ತಂದೆಯವರಿಂದ ಉರ್ದು ಕಲಿತ ನನಗೂ ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯ ಚುಕ್ಕೆಗಳಿಲ್ಲದ ಆ ಅಕ್ಷರಗಳನ್ನು ಕೂಡಿಸಿ ಓದಲು ಸಾಕಷ್ಟು ಹೊತ್ತು ಹಿಡಿಯಿತು. ಒಂದು ಮುಖದ ನಡುವೆ ದೇವರು ಒಬ್ಬನೇ ಎಂಬ ಘೋಷಣೆ; ಅದರ ಸುತ್ತ ಅಂಚಿನಲ್ಲಿ ‘ದೇವರ ಹೆಸರಿನಲ್ಲಿ, ಈ ದಿರ್ಹಮನ್ನು ವಾಸಿತ್‌ನಲ್ಲಿ ಮೂರು ಮತ್ತು ತೊಂಬತ್ತನೇ ವರ್ಷದಲ್ಲಿ ಅಚ್ಚುಹಾಕಲಾಯಿತು’ ಎಂಬ ಬರಹ. ಹಿಜರಿ 93 ಎಂದರೆ ಕ್ರಿ.ಶ. 711-12. ವಾಸಿತ್ ಇರಾಕಿನ ಪ್ರಾಂತಾಧಿಪತಿ ಹಜ್ಜಾಜ್ ಕಟ್ಟಿಸಿದ ಊರು. ಅದೇ ಹೊತ್ತಿನಲ್ಲಿ ಮುಹಮ್ಮದ್ ಬಿನ್ ಕಾಸಿಮನನ್ನು ಸಿಂಧ್‌ಗೆ ದಂಡೆತ್ತಿ ಕಳಿಸಿದವನೂ ಅವನೇ. ಇಷ್ಟೆಲ್ಲ ಮೂರು ಗ್ರಾಮಿಗೂ ಕಡಿಮೆ ತೂಗುವ ಬೆಳ್ಳಿಯಲ್ಲಿದೆ. ಖಲೀಫನ ಹೆಸರು ಮಾತ್ರ ಎಲ್ಲೂ ಇಲ್ಲ.

ಇಸ್ಲಾಮಿ ನಾಣ್ಯಗಳಲ್ಲಿ ಮೊದಲಿನಿಂದಲೂ ಚಿತ್ರಗಳಿರಲಿಲ್ಲ ಎಂದು ವಿವರಣೆಕಾರರು ಹೇಳುತ್ತಿದ್ದುದೂ ಸರಿಯಲ್ಲ. 651ರಲ್ಲಿ ಪರ್ಷಿಯಾವನ್ನಾಳುತ್ತಿದ್ದ ಸಸಾನಿ ವಂಶದ ದೊರೆ ಮೂರನೆಯ ಯಜ್ದಗಿರ್ದ್ ಹತನಾದ ಮೇಲೂ ಅರಬರು ಪರ್ಷಿಯಾದ ಟಂಕಸಾಲೆಗಳಲ್ಲಿ ಹಳೆಯ ಮಾದರಿಯನ್ನೇ ಮುಂದುವರಿಸಿದರು: ಒಂದು ಕಡೆ ರೆಕ್ಕೆಯ ಕಿರೀಟದ ಸಸಾನಿ ದೊರೆ ಖುಸ್ರೋ, ಇನ್ನೊಂದು ಕಡೆ ಅಗ್ನಿವೇದಿಕೆ ಮತ್ತು ಅದರ ಎರಡೂ ಬದಿ ನಿಂತ ಕಾವಲಿನವರು. ಹೊಸದಾಗಿ ಸೇರಿದ್ದು ಅಂಚಿನಲ್ಲಿ ‘ಬಿಸ್ಮಿಲ್ಲಾ’ ಎಂಬ ಪುಟ್ಟ ಬರಹ. ಪೇಟೆ ನಂಬಿದ ಬೆಳ್ಳಿಯ ರೂಪವನ್ನು ಕೆಡಿಸಿದರೆ ವ್ಯಾಪಾರ ಕೆಡುತ್ತದೆಂಬುದು ಗೆದ್ದವರಿಗೂ ಗೊತ್ತಿತ್ತು ಎಂದೇ ನನಗೆ ತೋರುತ್ತದೆ. ಖಲೀಫ ಅಬ್ದುಲ್ ಮಲಿಕ್ 696-97ರಲ್ಲಿ ಚಿನ್ನದ ದಿನಾರನ್ನೂ, ಅದಾದ ಒಂದೆರಡು ವರ್ಷಗಳಲ್ಲಿ ಬೆಳ್ಳಿಯ ದಿರ್ಹಮನ್ನೂ ಬರಹದಿಂದಲೇ ತುಂಬಿಸಿದ ಮೇಲೆ ಚಿತ್ರಗಳು ಮರೆಯಾದವು.

ದೂರದ ಅರಬರ ನಾಣ್ಯ ನಮಗೇಕೆ ಎನ್ನುವವರಿಗೆ ಒಂದು ಮಾತು. ಗ್ರೀಕರ ದ್ರಖ್ಮೆ ಎಂಬ ನಾಣ್ಯದ ಹೆಸರೇ ಅರಬ್ಬಿಯಲ್ಲಿ ದಿರ್ಹಮ್ ಆಯಿತು, ನಮ್ಮ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ದ್ರಮ್ಮವಾಗಿ ಕುಳಿತಿತು. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರನ್ನು 851ರ ಅರಬ್ಬಿ ವೃತ್ತಾಂತವೊಂದು ‘ಬಲ್ಹರಾ’ ಎಂದು ಕರೆದು, ಜಗತ್ತಿನ ನಾಲ್ಕು ದೊಡ್ಡ ಅರಸರ ಸಾಲಿನಲ್ಲಿ ಬಗ್ದಾದಿನ ಖಲೀಫನೊಡನೆ ಎಣಿಸುತ್ತದೆ. ಆಗ ನಮ್ಮಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆ. ಮುಂದೆ ಬಹಮನಿ ಸುಲ್ತಾನರ ಬೆಳ್ಳಿಯ ಟಂಕಗಳ ಮೇಲೆ ಅಹಸನಾಬಾದ್ ಎಂಬ ಹೆಸರಿನಲ್ಲಿ ಕಲಬುರಗಿಯೂ, ಮುಹಮ್ಮದಾಬಾದ್ ಎಂಬ ಹೆಸರಿನಲ್ಲಿ ಬೀದರೂ ಮೂಡಿದವು. ಊರು ಮತ್ತು ಇಸವಿಯನ್ನು ನಾಣ್ಯದ ಮೇಲೆಯೇ ಬರೆಯುವ ಈ ವಾಡಿಕೆ ವಾಸಿತ್‌ನ ದಿರ್ಹಮಿನಲ್ಲೂ ಇದ್ದದ್ದೇ.

ಆದ್ದರಿಂದ ಇಂಥ ಪ್ರದರ್ಶನಗಳ ಸಂಘಟಕರಲ್ಲಿ ನನ್ನ ವಿನಂತಿ: ಪ್ರತಿ ನಾಣ್ಯದ ಪಕ್ಕದಲ್ಲಿ ಅದರ ದೊಡ್ಡ ಛಾಯಾಚಿತ್ರವನ್ನಿಟ್ಟು, ಅದರ ಮೇಲಿನ ಬರಹದ ಕನ್ನಡ ಅನುವಾದವನ್ನೂ ಅಚ್ಚಾದ ಊರು ಮತ್ತು ವರ್ಷವನ್ನೂ ಕಾಣಿಸಿರಿ. ಅಚ್ಚುಕಟ್ಟಾಗಿ ಬರೆದರೆ ನಾಲ್ಕೇ ಸಾಲು ಸಾಕು. ಕೂಫಿ ಓದಬಲ್ಲವರು ಈ ಊರಿನಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ.

– ನಿವೃತ್ತ ಶಿಕ್ಷಕ, ಕಲಬುರಗಿ