ಬೋ (ಉದ್ದ ಕೋಲು) ಹಿಡಿಯುವ ಮೊದಲು, ಹೊಸ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಲವತ್ತು ದಾಟಿದ ಮೇಲೆ ಕರಾಟೆ ಶುರು ಮಾಡಿದರೆ ಆಗುತ್ತಾ ಅಂತ ಹಲವರು ಕೇಳುತ್ತಿದ್ದೀರಿ. ಖಂಡಿತ ಆಗುತ್ತದೆ. ಜಪಾನಿನ ಒಕಿನಾವಾ ದ್ವೀಪದ ಹಳೆಯ ಕರಾಟೆ ಪಂದ್ಯಕ್ಕಾಗಿ ಹುಟ್ಟಿದ್ದಲ್ಲ. ಅದರ ಕತಾಗಳಲ್ಲಿ, ಅಂದರೆ ಒಂದೇ ಕ್ರಮದಲ್ಲಿ ಮಾಡುವ ಪಟ್ಟುಗಳ ಸರಣಿಗಳಲ್ಲಿ, ಒದೆತ ಹೆಚ್ಚಾಗಿ ಸೊಂಟದ ಮಟ್ಟದಲ್ಲೇ ಇರುತ್ತದೆ. ಕಾಲು ತಲೆಯವರೆಗೆ ಏಳುವುದಿಲ್ಲ ಅನ್ನುವ ಚಿಂತೆ ಬಿಡಿ.

ಮೊದಲ ಕೆಲವು ತಿಂಗಳು ಸಾಂಚಿನ್ ಮಾತ್ರ, ಅಂದರೆ ಮೈ ಬಿಗಿಹಿಡಿದು ಆಳವಾಗಿ ಉಸಿರಾಡುತ್ತಾ ಮಾಡುವ ಕತಾ. ಒಕಿನಾವಾದ ನಾಹಾ ಊರಿನಲ್ಲಿ ಕರಾಟೆ ಗುರು ಹಿಗಾವೊನ್ನಾ ಕಾನ್‌ರ್ಯೋ ಅವರ ಬಳಿ ಕಲಿತ ಮಿಯಾಗಿ ಚೋಜುನ್, ತಮ್ಮ ಗೋಜು-ರ್ಯೂ ಎಂಬ ಕರಾಟೆ ಶೈಲಿಗೆ ಇದನ್ನೇ ಬುನಾದಿ ಮಾಡಿಕೊಂಡರು. ಹೆಜ್ಜೆ ಕಡಿಮೆ, ಕೆಲಸ ಜಾಸ್ತಿ. ಬಿಪಿ ಇರುವವರು ಮೊದಲು ಡಾಕ್ಟರನ್ನು ಕೇಳಿ, ಕಲಿಸುವವರಿಗೂ ಹೇಳಿ. ಉಸಿರು ಕಟ್ಟಿ ಬಿಗಿಯುವುದು ಯಾರಿಗೂ ಬೇಡ.

ಆಮೇಲೆ ಕೊಬುಡೋ, ಅಂದರೆ ಒಕಿನಾವಾದ ಆಯುಧ ವಿದ್ಯೆ. ಬೋ ಸುಮಾರು 182 ಸೆಂ.ಮೀ. ಉದ್ದದ ಕೋಲು. ಪ್ರದರ್ಶನಕ್ಕೆಂದು ಮಾರುವ ಹಗುರ ಕೋಲು ತಗೊಳ್ಳಬೇಡಿ, ಓಕ್ ಮರದ್ದೇ ಇರಲಿ. ಭಾರ ಇದ್ದರೆ ಮಾತ್ರ ತೋಳಿನ ಬದಲು ಸೊಂಟದಿಂದ ತಿರುಗಿಸಲು ಮೈ ಕಲಿಯುತ್ತದೆ. ಸಾಯ್ (ಮೂರು ಮೊನೆಯ ಲೋಹದ ಆಯುಧ), ತೊನ್‌ಫಾ (ಪಕ್ಕದಲ್ಲಿ ಹಿಡಿ ಇರುವ ಮರದ ಆಯುಧ) ನಂತರ ಬರುತ್ತವೆ. ನನಗಂತೂ ಎಲ್ಲಕ್ಕಿಂತ ಇಷ್ಟ ಏಕು, ಅಂದರೆ ಮೀನುಗಾರರು ದೋಣಿ ನಡೆಸುವ ಹುಟ್ಟು. ಒಕಿನಾವಾದ ತ್ಸುಕೆನ್ ದ್ವೀಪದ ಹೆಸರಿರುವ ಏಕು ಕತಾದಲ್ಲಿ ಹುಟ್ಟಿನ ತುದಿಯಿಂದ ಮರಳನ್ನು ಎದುರಾಳಿಯ ಕಣ್ಣಿಗೆ ಎರಚುವ ಪಟ್ಟೇ ಇದೆ! ಕಡಲ ದಂಡೆಯಲ್ಲಿ ಬದುಕಿದವರಿಗೆ ಮಾತ್ರ ಹೊಳೆಯುವಂಥದ್ದು, ಅಲ್ವಾ?

ಮಂಡಿನೋವು ಇರುವವರು ನಿಲುವು ತುಸು ಎತ್ತರವಾಗಿಯೇ ಇಟ್ಟುಕೊಳ್ಳಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಸುಮ್ನೆ ನುಂಚಾಕು (ಹಗ್ಗ ಇಲ್ಲವೇ ಸರಪಳಿಯಿಂದ ಜೋಡಿಸಿದ ಎರಡು ಕೋಲು) ಬೀಸಬೇಡಿ. ಅಕ್ಟೋಬರ್ 25 ಒಕಿನಾವಾದಲ್ಲಿ ಕರಾಟೆ ದಿನ. ಅವತ್ತು ನಾವೂ ಒಟ್ಟಿಗೆ ಸಾಂಚಿನ್ ಮಾಡೋಣ. ಬರುವವರು ಇಲ್ಲೇ ಹೆಸರು ಹಾಕಿ.